ತಲೆ ಮೇಲಿನ ಮಂಡಕ್ಕಿ: ಹಳೇ ಸೀಲಿಂಗ್ ಕೆರೆಯುವ ಮುಂಚೆ

ಅಮೆರಿಕದಲ್ಲಿ ಎಂಎಸ್ ಮಾಡ್ತಿರೋ ಸೀನಿಯರ್‌ಗಳ ವಿಡಿಯೋ ಕಾಲ್‌ಗಳಲ್ಲಿ ಒಂದು ವಿಷಯ ನೀವೂ ಗಮನಿಸಿರಬಹುದು. ಅವರ ಬಾಡಿಗೆ ಮನೆ ಹಳೇದಾಗಿದ್ದರೆ ತಲೆ ಮೇಲಿನ ಸೀಲಿಂಗ್ ನಮ್ಮ ಮನೆಗಳ ಹಾಗೆ ನುಣ್ಣಗೆ ಇರಲ್ಲ. ಮಂಡಕ್ಕಿ ಚೆಲ್ಲಿ ಅಂಟಿಸಿ, ಮೇಲೆ ಬಿಳಿ ಬಣ್ಣ ಹೊಡೆದ ಹಾಗೆ ಇರುತ್ತೆ. ಅಲ್ಲಿಯವರು ಇದನ್ನ ಪಾಪ್‌ಕಾರ್ನ್ ಸೀಲಿಂಗ್ ಅಂತಾರೆ. ಅಮೆರಿಕ ಮತ್ತು ಕೆನಡಾದಲ್ಲಿ 1950ರ ದಶಕದಿಂದ 1980ರ ದಶಕದವರೆಗೆ ಕಟ್ಟಿದ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಇದು ಇದೆ. ಬ್ರಿಟನ್ನಿನ ಹಳೇ ಮನೆಗಳಲ್ಲಿ ಇದರದೇ ಜಾತಿಯ, ಸುಳಿ ಸುಳಿಯಾದ ಡಿಸೈನಿನ ಆರ್ಟೆಕ್ಸ್ ಅನ್ನೋ ಲೇಪನ ಸಿಗುತ್ತೆ.

ಈಗ ಅದು ಯಾರಿಗೂ ಬೇಡ. ಧೂಳು ಹಿಡಿಯುತ್ತೆ, ಜೇಡ ಬಲೆ ಕಟ್ಟುತ್ತೆ, ಒರೆಸೋಕೆ ಹೋದರೆ ಉದುರುತ್ತೆ, ನೋಡೋಕೂ ಹಳೇ ಕಾಲದ್ದು. ಹಳೇ ಮನೆ ಕೊಂಡವರು ಮೊದಲು ಮಾಡೋ ಯೋಚನೆ ಅದನ್ನ ಕೆರೆದು ನುಣ್ಣಗೆ ಮಾಡೋದು. "ನೀರು ಚಿಮುಕಿಸಿ, ಅಗಲವಾದ ಬ್ಲೇಡಿನಲ್ಲಿ ತಳ್ಳಿ, ಸಂಜೆಯೊಳಗೆ ಮುಗೀತು" ಅನ್ನೋ ಧಾಟಿಯ ವಿಡಿಯೋಗಳಿಗೆ ಬರ ಇಲ್ಲ. ಕೆರೆಯೋದು ಸುಲಭ, ಅದು ನಿಜವೇ. ಆದರೆ ಬ್ಲೇಡ್ ಕೈಗೆ ತಗೊಳ್ಳೋ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ: ಅದರೊಳಗೆ ಏನಿದೆ? ಈ ಪ್ರಶ್ನೆಗೆ ಉತ್ತರ ಗೊತ್ತಾಗೋವರೆಗೆ ಸೀಲಿಂಗ್ ಮುಟ್ಟಬಾರದು ಅನ್ನೋದೇ ಈ ಲೇಖನದ ಸಾರ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಈ ಮಂಡಕ್ಕಿ ಬಂದದ್ದು ಯಾಕೆ?

ನಮ್ಮಲ್ಲಿ ಮಾಳಿಗೆ ಅಂದ್ರೆ ಆರ್‌ಸಿಸಿ. ಗಾರೆಯವರು ಅದರ ತಳಕ್ಕೆ ಪ್ಲಾಸ್ಟರ್ ಬಳಿದು, ಕರಣೆಯಲ್ಲಿ ತಿಕ್ಕಿ ಒಂದೇ ಮೈ ಮಾಡಿಬಿಡ್ತಾರೆ. ಅಮೆರಿಕದ ಮನೆಯ ಕಥೆ ಬೇರೆ. ಮರದ ತೊಲೆಗಳ ತಳಕ್ಕೆ ಜಿಪ್ಸಂ ಬೋರ್ಡ್‌ಗಳನ್ನ ಸ್ಕ್ರೂ ಅಥವಾ ಮೊಳೆ ಹೊಡೆದು ಕೂರಿಸ್ತಾರೆ. ಒಂದು ಬೋರ್ಡಿಗೂ ಇನ್ನೊಂದಕ್ಕೂ ನಡುವೆ ಸಂದು ಇರುತ್ತೆ. ಆ ಸಂದಿಗೆ ಕಾಗದದ ಪಟ್ಟಿ ಅಂಟಿಸಿ, ಪುಟ್ಟಿ ಥರದ ಮಿಶ್ರಣವನ್ನ ಎರಡು ಮೂರು ಸಲ ಬಳಿದು, ಪ್ರತಿ ಸಲ ಒಣಗೋವರೆಗೆ ಕಾದು, ಉಜ್ಜಬೇಕು. ಗೋಡೆಯಲ್ಲಿ ಇದು ಪರವಾಗಿಲ್ಲ. ಸೀಲಿಂಗ್‌ನಲ್ಲಿ ಕತ್ತು ಮೇಲೆತ್ತಿಕೊಂಡು ಮಾಡಬೇಕು.

ಅಷ್ಟು ಮಾಡಿದರೂ ತಪ್ಪು ಕಾಣದೇ ಇರಲ್ಲ. ಕಿಟಕಿಯಿಂದ ಬರೋ ಬೆಳಕು ಸೀಲಿಂಗನ್ನ ಬಹುತೇಕ ಸವರಿಕೊಂಡೇ ಹೋಗುತ್ತೆ. ಬೆಳಕಿನ ಕೋನ 2 ಡಿಗ್ರಿ ಅಂತಿಟ್ಟುಕೊಳ್ಳಿ. 1 ಮಿ.ಮೀ. ಉಬ್ಬಿನ ನೆರಳು ಎಷ್ಟುದ್ದ? ಒಂದನ್ನ 2 ಡಿಗ್ರಿಯ ಟ್ಯಾನ್‌ನಿಂದ ಭಾಗಿಸಿ ನೋಡಿ, ಸುಮಾರು 29 ಮಿ.ಮೀ. ಬರುತ್ತೆ. ಅಂದ್ರೆ ಬೆರಳಿಗೂ ಸರಿಯಾಗಿ ಸಿಗದ ಏರಿಳಿತ ಕಣ್ಣಿಗೆ ಒಂದಿಂಚಿಗಿಂತ ಉದ್ದದ ಗೆರೆಯಾಗಿ ಕಾಣುತ್ತೆ. ಇದಕ್ಕೆ ಬಿಲ್ಡರ್‌ಗಳು ಕಂಡುಕೊಂಡ ಉಪಾಯ ಇಷ್ಟೇ: ಇಡೀ ಸೀಲಿಂಗನ್ನೇ ಉಬ್ಬುತಗ್ಗು ಮಾಡಿಬಿಡೋದು. ಸಾವಿರಾರು ಸಣ್ಣ ನೆರಳುಗಳ ನಡುವೆ ಸಂದಿನ ನೆರಳು ಕಳೆದುಹೋಗುತ್ತೆ. ಇಸಿ ಬ್ರಾಂಚಿನವರಿಗೆ ಇದು ಬೇಗ ಅರ್ಥ ಆಗುತ್ತೆ, ಬೇಡವಾದ ಸಿಗ್ನಲ್ಲನ್ನ ನಾಯ್ಸ್‌ನಲ್ಲಿ ಮುಚ್ಚೋ ಕೆಲಸ ಇದು.

ವರ್ಮಿಕ್ಯುಲೈಟ್ ಅನ್ನೋ ಉಬ್ಬಿದ ಖನಿಜದ ಕಾಳು ಅಥವಾ ಪಾಲಿಸ್ಟೈರೀನ್ ಚೂರು, ಜೊತೆಗೆ ಅಂಟು ಮತ್ತು ಬಿಳಿ ಪುಡಿ, ಎಲ್ಲ ಕಲಸಿ ಗನ್‌ನಲ್ಲಿ ಚಿಮ್ಮಿಸಿದರೆ ಕೆಲವೇ ಗಂಟೆಗಳಲ್ಲಿ ಕೆಲಸ ಖತಂ. ಒರಟು ಮೈ ಸ್ವಲ್ಪ ಸದ್ದನ್ನೂ ಹೀರಿಕೊಳ್ತಿತ್ತು, ಅದಕ್ಕೇ 'ಅಕೌಸ್ಟಿಕ್ ಸೀಲಿಂಗ್' ಅಂತ ಹೆಸರಿಟ್ಟು ಮಾರಿದರು. ಅದರ ಮೇಲೆ ಬಣ್ಣದ ಕೋಟ್ ಬಿದ್ದಷ್ಟೂ ರಂಧ್ರ ಮುಚ್ಚಿ ಆ ಗುಣ ಕಡಿಮೆ ಆಗುತ್ತೆ ಅನ್ನೋದು ಬೇರೆ ಮಾತು.

ಕಲ್ಲಿನ ನಾರು

ಆ ಮಿಶ್ರಣಕ್ಕೆ ಬಿಗಿ ಬರಲಿ, ಬೆಂಕಿ ತಡೆಯಲಿ ಅಂತ ಎಷ್ಟೋ ಕಡೆ ಆಸ್ಬೆಸ್ಟಾಸ್ ಸೇರಿಸ್ತಿದ್ದರು. ಕನ್ನಡದಲ್ಲಿ ಇದಕ್ಕೆ ಚಂದದ ಹೆಸರಿದೆ: ಕಲ್ನಾರು. ಇಂಗ್ಲಿಷ್ ಹೆಸರಿಗಿಂತ ನಮ್ಮದೇ ಹೆಚ್ಚು ಸರಿ. ನಿಜವಾಗಿಯೂ ಅದು ಕಲ್ಲೇ, ಆದರೆ ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳೋ ಕಲ್ಲು. ಸುಡಲ್ಲ, ಕೊಳೆಯಲ್ಲ, ಎಳೆದರೆ ಸುಲಭಕ್ಕೆ ಹರಿಯಲ್ಲ. ಮೆಟೀರಿಯಲ್ಸ್ ಸೈನ್ಸ್ ದೃಷ್ಟಿಯಿಂದ ಬಲು ಒಳ್ಳೆಯ ವಸ್ತು, ತೊಂದರೆ ಇರೋದೂ ಅದೇ ಗುಣದಲ್ಲಿ.

ಸಾಮಾನ್ಯ ಕಲ್ಲನ್ನ ಕುಟ್ಟಿದರೆ ಪುಡಿ ಆಗುತ್ತೆ. ಕಲ್ನಾರನ್ನ ಕುಟ್ಟಿದರೆ ಉದ್ದುದ್ದಕ್ಕೆ ಸೀಳುತ್ತೆ. ಒಂದು ಎಳೆ ಹತ್ತಾಗುತ್ತೆ, ಹತ್ತು ನೂರಾಗುತ್ತೆ, ಪ್ರತಿ ಸಲವೂ ಇನ್ನಷ್ಟು ತೆಳ್ಳಗೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇದ್ದರೆ, ಗಾಳಿಗೆ ಸೇರೋ ಈ ನಾರುಗಳು 1 ಮೈಕ್ರಾನ್‌ಗಿಂತಲೂ ತೆಳ್ಳಗೆ ಇರಬಹುದು. ಅಷ್ಟು ತೆಳುವಾದದ್ದು ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಸಿಗದೆ ಶ್ವಾಸಕೋಶದ ತುದಿವರೆಗೂ ಹೋಗುತ್ತೆ. ಅಲ್ಲಿ ಹೊರಗಿನ ವಸ್ತುವನ್ನ ನುಂಗಿ ತೆಗೆಯೋಕೆ ಮ್ಯಾಕ್ರೋಫೇಜ್ ಅನ್ನೋ ಜೀವಕೋಶಗಳಿವೆ. ಆದರೆ ನಾರಿನ ಉದ್ದ ಆ ಕೋಶಕ್ಕಿಂತ ಹೆಚ್ಚಿದ್ದರೆ ಪೂರ್ತಿ ನುಂಗೋಕಾಗಲ್ಲ. ಅರ್ಧ ನುಂಗಿ, ಒದ್ದಾಡಿ, ಸುತ್ತಲಿನ ಜಾಗಕ್ಕೆ ಉರಿಯೂತ ತರುತ್ತೆ. ಇದು ವರ್ಷಗಟ್ಟಲೆ ನಡೆಯುತ್ತೆ.

ಕೊನೆಗೆ ಬರೋ ರೋಗಗಳು ಮೂರು ಮುಖ್ಯ: ಶ್ವಾಸಕೋಶ ಗಡುಸಾಗೋ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಮತ್ತು ಶ್ವಾಸಕೋಶದ ಹೊರಪೊರೆಗೆ ಬರೋ ಮೀಸೋಥೀಲಿಯೋಮ ಅನ್ನೋ ಕ್ಯಾನ್ಸರ್. ಸಾಮಾನ್ಯವಾಗಿ 10ರಿಂದ 40 ವರ್ಷ ಆದಮೇಲೆ, ಕೆಲವೊಮ್ಮೆ ಇನ್ನೂ ತಡವಾಗಿ ಕಾಣಿಸಿಕೊಳ್ತವೆ. ಇವತ್ತು ಕೆರೆದವರಿಗೆ ಇವತ್ತು ಕೆಮ್ಮು ಬರಲ್ಲ, ಕಣ್ಣು ಉರಿಯಲ್ಲ, ವಾಸನೆಯೂ ಇಲ್ಲ. ಹಾಗಾಗಿ "ನಾನು ಮಾಡಿದೆ, ಏನೂ ಆಗಲಿಲ್ಲ" ಅನ್ನೋರ ಮಾತು ಸಾಕ್ಷಿ ಆಗಲ್ಲ.

ಹಾಗಂತ ಹೆದರಿ ಕೂರೋದೂ ಬೇಡ. ಉಸಿರಾಡಿದ ಪ್ರಮಾಣ ಮತ್ತು ಕಾಲ ಹೆಚ್ಚಿದಷ್ಟು ಅಪಾಯ ಹೆಚ್ಚು. ಸಿಗರೇಟು ಸೇದೋರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಇನ್ನೂ ಬಹಳ ಏರುತ್ತೆ. ಉದುರದೆ ಗಟ್ಟಿಯಾಗಿರೋ ಸೀಲಿಂಗ್ ಕೆಳಗೆ ಮಲಗಿದ ಮಾತ್ರಕ್ಕೆ ಯಾರಿಗೂ ರೋಗ ಅಂಟಲ್ಲ. ನಾರು ಗಾಳಿಗೆ ಬಂದಾಗಷ್ಟೇ ತೊಂದರೆ, ಮತ್ತು ಗಾಳಿಗೆ ತರೋದು ನಮ್ಮ ಕೈಯಲ್ಲಿರೋ ಬ್ಲೇಡೇ.

ಒಂದು ಚಿಕ್ಕ ಲೆಕ್ಕ

ಧೂಳು ಕೂತಮೇಲೆ ಗುಡಿಸಿದರಾಯ್ತು ಅಂತ ಅನಿಸಬಹುದು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಸ್ಟೋಕ್ಸ್ ನಿಯಮ ತೆಗೆದುಕೊಳ್ಳಿ. ಗಾಳಿಯಲ್ಲಿ ಕಣ ಬೀಳೋ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಸಾಂದ್ರತೆ ಘನ ಮೀಟರಿಗೆ 2500 ಕೆ.ಜಿ., ಎತ್ತರ 2.4 ಮೀಟರ್ ಅಂತ ಹಾಕಿ. 10 ಮೈಕ್ರಾನ್ ಕಣ ಸುಮಾರು 5 ನಿಮಿಷದಲ್ಲಿ ನೆಲ ಮುಟ್ಟುತ್ತೆ. 1 ಮೈಕ್ರಾನ್ ಕಣಕ್ಕೆ ಅದರ ನೂರರಷ್ಟು, ಅಂದ್ರೆ 8-9 ಗಂಟೆ ಬೇಕು. ಇನ್ನೂ ತೆಳ್ಳಗಿದ್ದರೆ ದಿನಗಟ್ಟಲೆ. ನಾವು ಹಾಕಿದ್ದು ಗುಂಡಗಿನ ಕಣದ ಲೆಕ್ಕ. ನಾರಿನ ವಿಷಯದಲ್ಲೂ ಬೀಳೋ ವೇಗವನ್ನ ಮುಖ್ಯವಾಗಿ ತೀರ್ಮಾನಿಸೋದು ಉದ್ದ ಅಲ್ಲ, ದಪ್ಪ. ಹಾಗಾಗಿ ಅಂದಾಜು ಬಹಳ ತಪ್ಪಲ್ಲ.

ಇದೆಲ್ಲ ಗಾಳಿ ಅಲುಗದ ಕೋಣೆಯ ಲೆಕ್ಕ. ಫ್ಯಾನ್ ಹಾಕಿದರೆ, ಬಾಗಿಲು ತೆಗೆದರೆ, ಪೊರಕೆ ಹಿಡಿದರೆ ಕೂತದ್ದೂ ಮತ್ತೆ ಏಳುತ್ತೆ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು. ಒಂದು ಕಡೆ ಎಳೆದುಕೊಂಡ ಸೂಕ್ಷ್ಮ ನಾರನ್ನ ಹಿಂದಿನಿಂದ ಇಡೀ ಮನೆಗೆ ಊದುತ್ತೆ. 0.3 ಮೈಕ್ರಾನ್ ಕಣದಲ್ಲೂ 99.97 ಶೇಕಡಾ ಹಿಡಿಯೋ ಹೆಪಾ ಫಿಲ್ಟರ್ ಇರೋ ಯಂತ್ರವೇ ಆಗಬೇಕು. ಕೋವಿಡ್ ಕಾಲದ ಎನ್-95 ಮಾಸ್ಕ್ ಕೂಡ ಇಲ್ಲಿ ಸಾಲದು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಷಾ, ಆಸ್ಬೆಸ್ಟಾಸ್ ಕೆಲಸಕ್ಕೆ ಅಂಥ ಮಾಸ್ಕ್ ಬಳಸಲೇಬಾರದು ಅಂತ ಹೇಳುತ್ತೆ.

ವರ್ಷ ನೋಡಿ, ಆದರೆ ವರ್ಷವನ್ನೇ ನಂಬಬೇಡಿ

ಅಮೆರಿಕದ ಪರಿಸರ ಸಂಸ್ಥೆ ಇಪಿಎ, 1973ರಲ್ಲಿ ಬೆಂಕಿ ತಡೆಗೆ ಮತ್ತು ಶಾಖ ನಿರೋಧಕ್ಕೆ ಆಸ್ಬೆಸ್ಟಾಸ್ ಸಿಂಪಡಿಸೋದನ್ನ ನಿಷೇಧಿಸಿತು. ಅಲಂಕಾರಕ್ಕೆ ಸಿಂಪಡಿಸೋದಕ್ಕೆ ತಡೆ ಬಿದ್ದದ್ದು 1978ರಲ್ಲಿ. ಹಾಗಾಗಿ "78ರ ನಂತರದ ಮನೆ, ಚಿಂತೆ ಇಲ್ಲ" ಅಂತ ಹೇಳೋರಿದ್ದಾರೆ. ಆದರೆ 80ರ ದಶಕದ ಆರಂಭದ ಮನೆಗಳಲ್ಲೂ ಇದು ಸಿಕ್ಕಿದ್ದುಂಟು. ಓಷಾ ನಿಯಮದ ಪ್ರಕಾರ 1980 ಅಥವಾ ಅದಕ್ಕೂ ಹಿಂದೆ ಕಟ್ಟಿದ ಕಟ್ಟಡದಲ್ಲಿ ಸಿಂಪಡಿಸಿದ ಲೇಪನ ಇದ್ದರೆ, ಇಲ್ಲ ಅಂತ ಸಾಬೀತಾಗೋವರೆಗೆ ಆಸ್ಬೆಸ್ಟಾಸ್ ಇದೆ ಅಂತಲೇ ಭಾವಿಸಿ ಕೆಲಸ ಮಾಡಬೇಕು.

1989ರಲ್ಲಿ ಇಪಿಎ ಬಹುತೇಕ ಎಲ್ಲ ಆಸ್ಬೆಸ್ಟಾಸ್ ವಸ್ತುಗಳನ್ನೂ ನಿಲ್ಲಿಸೋಕೆ ಹೊರಟಿತ್ತು. 1991ರಲ್ಲಿ ಕೋರ್ಟ್ ಅದರ ಬಹುಭಾಗವನ್ನ ರದ್ದು ಮಾಡಿತು. ಬಿಳಿ ಆಸ್ಬೆಸ್ಟಾಸ್, ಅಂದ್ರೆ ಕ್ರೈಸೊಟೈಲ್‌ಗೆ ನಿಷೇಧದ ನಿಯಮ ಬಂದದ್ದು 2024ರ ಮಾರ್ಚ್‌ನಲ್ಲಿ. ಅದು ಹೊಸ ಆಮದು ಮತ್ತು ಬಳಕೆಗೆ ಮಾತ್ರ. ಹಳೇ ಮನೆಗಳ ಸೀಲಿಂಗ್‌ನಲ್ಲಿ ಅಂಟಿಕೊಂಡಿರೋದನ್ನ ಯಾವ ಕಾನೂನೂ ಮಾಯ ಮಾಡಲ್ಲ.

ಇನ್ನೊಂದು ತಿರುವೂ ಇದೆ. ಮಿಶ್ರಣಕ್ಕೆ ಆಸ್ಬೆಸ್ಟಾಸ್ ಹಾಕದೇ ಇದ್ದರೂ ವರ್ಮಿಕ್ಯುಲೈಟ್ ಜೊತೆ ಬಂದಿರಬಹುದು. ಮೊಂಟಾನಾ ರಾಜ್ಯದ ಲಿಬ್ಬಿ ಅನ್ನೋ ಊರಿನ ಗಣಿಯ ವರ್ಮಿಕ್ಯುಲೈಟ್‌ನಲ್ಲಿ ಆಸ್ಬೆಸ್ಟಾಸ್ ಜಾತಿಯ ಖನಿಜ ತಾನಾಗಿಯೇ ಬೆರೆತಿತ್ತು. ಗಣಿ 1990ರಲ್ಲಿ ಮುಚ್ಚಿತು. 2009ರಲ್ಲಿ ಆ ಊರಿಗೆ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ಇದರ ಜೊತೆಗೆ 1978ಕ್ಕಿಂತ ಹಿಂದಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆಯೂ ಉಂಟು.

ಮೊದಲ ಹೆಜ್ಜೆ: ಪರೀಕ್ಷೆ

ನೋಡಿ ಹೇಳೋಕೆ ಆಗಲ್ಲ. ಲ್ಯಾಬಿಗೆ ಕಳಿಸಲೇಬೇಕು. ತರಬೇತಿ ಪಡೆದ ಇನ್‌ಸ್ಪೆಕ್ಟರ್ ಬಂದು ಸ್ಯಾಂಪಲ್ ತೆಗೆಯೋದು ಒಳ್ಳೆಯದು. ವಿಧಾನ ಸರಳ: ಫ್ಯಾನ್, ಎಸಿ ಬಂದ್ ಮಾಡಿ, ತೆಗೆಯೋ ಜಾಗವನ್ನ ಸೋಪು ನೀರಿನಲ್ಲಿ ಚೆನ್ನಾಗಿ ನೆನೆಸಿ, ಚಿಟಿಕೆಯಷ್ಟು ಕೆರೆದು ಚೀಲದಲ್ಲಿ ಸೀಲ್ ಮಾಡೋದು. ಒಂದೇ ಜಾಗದ ಸ್ಯಾಂಪಲ್ ಸಾಲಲ್ಲ, ಯಾಕೆಂದ್ರೆ ಗನ್‌ಗೆ ಹಾಕಿದ ಮಿಶ್ರಣ ಎಲ್ಲ ಕಡೆ ಒಂದೇ ಥರ ಇರಬೇಕಂತಿಲ್ಲ. ಶಾಲೆಗಳಿಗಾಗಿ ಮಾಡಿದ ಅಮೆರಿಕದ ನಿಯಮ 1000 ಚದರ ಅಡಿವರೆಗೆ ಕನಿಷ್ಠ 3, 5000 ಚದರ ಅಡಿವರೆಗೆ 5, ಅದಕ್ಕಿಂತ ಹೆಚ್ಚಿದ್ದರೆ 7 ಸ್ಯಾಂಪಲ್ ಕೇಳುತ್ತೆ. ಮನೆಗೂ ಅದೇ ಒಳ್ಳೆಯ ಅಳತೆ.

ಲ್ಯಾಬ್‌ನಲ್ಲಿ ಪೋಲರೈಸ್ಡ್ ಲೈಟ್ ಮೈಕ್ರೋಸ್ಕೋಪ್ ಕೆಳಗೆ ನಾರಿನ ವಕ್ರೀಭವನ ನೋಡಿ ಯಾವ ಖನಿಜ ಅಂತ ಗುರುತಿಸ್ತಾರೆ. 1 ಶೇಕಡಾಕ್ಕಿಂತ ಹೆಚ್ಚಿದ್ದರೆ ಕಾನೂನಿನ ಕಣ್ಣಲ್ಲಿ ಅದು ಆಸ್ಬೆಸ್ಟಾಸ್ ವಸ್ತು. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ವಾಸದ ಘಟಕಗಳಿರೋ ಕಟ್ಟಡಕ್ಕೆ ಕೇಂದ್ರದ ತೆರವು ನಿಯಮ ಅನ್ವಯಿಸಲ್ಲ, ಆದರೆ ರಾಜ್ಯಗಳ ನಿಯಮ ಬೇರೆ ಬೇರೆ ಇವೆ. ಅದನ್ನೂ ವಿಚಾರಿಸಬೇಕು.

ಆಮೇಲಿನ ನಾಲ್ಕು ದಾರಿ

1. ಹಾಗೇ ಬಿಡೋದು. ಆಸ್ಬೆಸ್ಟಾಸ್ ಇದೆ, ಆದರೆ ಸೀಲಿಂಗ್ ಗಟ್ಟಿಯಾಗಿದೆ, ನೀರು ಸೋರಿಲ್ಲ, ಉದುರ್ತಿಲ್ಲ. ಆಗ ಮುಟ್ಟದೇ ಇರೋದೇ ಇಪಿಎ ಕೊಡೋ ಮೊದಲ ಸಲಹೆ. ದುಡ್ಡು ಖರ್ಚಿಲ್ಲ, ಅಪಾಯವೂ ಕಡಿಮೆ. ವರ್ಷಕ್ಕೊಮ್ಮೆ ಕಲೆ, ಬಿರುಕು ನೋಡಿಕೊಂಡರೆ ಸಾಕು.

2. ಬಣ್ಣದಲ್ಲಿ ಬಂಧಿಸೋದು. ನಾರು ಹೊರಬರದಂತೆ ಹಿಡಿಯೋ ಲೇಪನವನ್ನ ಸ್ಪ್ರೇ ಮಾಡ್ತಾರೆ. ರೋಲರ್ ಉರುಳಿಸಿದರೆ ಕಾಳು ಕಿತ್ತು ಬರುತ್ತೆ. ಮಂಡಕ್ಕಿ ಮಂಡಕ್ಕಿಯಾಗೇ ಉಳಿಯುತ್ತೆ, ಸ್ವಲ್ಪ ಹೊಸದಾಗಿ ಕಾಣುತ್ತೆ ಅಷ್ಟೆ.

3. ಮುಚ್ಚೋದು. ಹಳೇದರ ಕೆಳಗೆ ಹೊಸ ಜಿಪ್ಸಂ ಬೋರ್ಡ್ ಅಥವಾ ಮರದ ಪಟ್ಟಿ ಹೊಡೆಯೋದು. ಸಿವಿಲ್‌ನವರು ಇಲ್ಲಿ ಲೆಕ್ಕ ಹಾಕಬೇಕು. ಅರ್ಧ ಇಂಚಿನ ಬೋರ್ಡ್ ಚದರ ಮೀಟರಿಗೆ ಸುಮಾರು 7 ಕೆ.ಜಿ. ತೂಗುತ್ತೆ. 12 ಅಡಿಗೆ 14 ಅಡಿ ಕೋಣೆ ಅಂದ್ರೆ ಸುಮಾರು 15.6 ಚದರ ಮೀಟರ್, ಹೊಸ ಭಾರ 100 ಕೆ.ಜಿ. ದಾಟುತ್ತೆ. ಹಳೇ ಬೋರ್ಡನ್ನ ನಂಬಿ ಸ್ಕ್ರೂ ಹಾಕೋ ಹಾಗಿಲ್ಲ, ಒಳಗಿನ ಮರದ ತೊಲೆ ಹುಡುಕಿ ಅದಕ್ಕೇ ಹಿಡಿಸಬೇಕು. ಸ್ಕ್ರೂ ಕೂಡ ಹಳೇ ಲೇಪನವನ್ನ ತೂತು ಮಾಡೋದರಿಂದ ಆಸ್ಬೆಸ್ಟಾಸ್ ಇದ್ದಲ್ಲಿ ಈ ಕೆಲಸವೂ ತಿಳಿದವರದ್ದೇ. ಇನ್ನೊಂದು ಮುಖ್ಯ ಮಾತು: ಮುಚ್ಚಿದ್ದು ಇಲ್ಲವಾಗಲ್ಲ. 20 ವರ್ಷ ಬಿಟ್ಟು ಲೈಟಿಗೆ ತೂತು ಕೊರೆಯೋ ಎಲೆಕ್ಟ್ರಿಷಿಯನ್‌ಗೆ ಒಳಗೇನಿದೆ ಅಂತ ಗೊತ್ತಾಗೋ ಹಾಗೆ ಮನೆ ಕಾಗದಪತ್ರದಲ್ಲಿ ಬರೆದಿಡಬೇಕು.

4. ತೆಗೆಯೋದು. ಆಸ್ಬೆಸ್ಟಾಸ್ ಇದ್ದರೆ ಪರವಾನಗಿ ಇರೋ ತಂಡವೇ ಮಾಡಬೇಕು. ಕೋಣೆಗೆ ಪೂರ್ತಿ ಪ್ಲಾಸ್ಟಿಕ್ ಹೊದಿಸಿ, ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ ಇಟ್ಟು, ಹೊರಹೋಗೋ ಗಾಳಿಯನ್ನ ಹೆಪಾದಲ್ಲಿ ಸೋಸಿ, ಒದ್ದೆ ಮಾಡಿಯೇ ಕೆರೆದು, ಕೊನೆಗೆ ಗಾಳಿಯ ಸ್ಯಾಂಪಲ್ ಪರೀಕ್ಷಿಸಿದಮೇಲೆ ಬಾಗಿಲು ತೆರೀತಾರೆ.

ಆಸ್ಬೆಸ್ಟಾಸ್, ಸೀಸ ಎರಡೂ ಇಲ್ಲ ಅಂತ ರಿಪೋರ್ಟ್ ಬಂದರೆ ಮನೆಯವರೇ ಕೆರೆಯಬಹುದು. ಆಗ ವಿಡಿಯೋಗಳ ವಿಧಾನ ಸರಿಯೇ, ಆದರೆ ಅವರು ಬೇಗ ದಾಟಿಹೋಗೋ ಕೆಲವು ವಿಷಯ ನೆನಪಿರಲಿ. ಕೋಣೆಯ ಕರೆಂಟ್ ಮೇನ್‌ನಲ್ಲೇ ತೆಗೆಯಿರಿ, ಮೇಲೆ ನೀರು ಹೊಡೀತಿದ್ದೀರಿ. ಚೂರು ಜಾಗ ನೆನೆಸಿ 15 ನಿಮಿಷ ಬಿಟ್ಟು ನೋಡಿ. ಮೆತ್ತಗಾದರೆ ಸರಿ. ಮೇಲೆ ಬಣ್ಣ ಹೊಡೆದಿದ್ದರೆ ನೀರು ಒಳಗಿಳಿಯಲ್ಲ, ಆಗ ಮುಚ್ಚೋದೇ ಮೇಲು. ನೀರು ಅತಿಯಾದರೆ ಬೋರ್ಡಿನ ಕಾಗದ ಏಳುತ್ತೆ. ಬ್ಲೇಡಿನ ಮೂಲೆ ಉಜ್ಜಿ ಗುಂಡಗೆ ಮಾಡಿಕೊಂಡರೆ ಗೀರು ಬೀಳಲ್ಲ.

ಕೆರೆದಮೇಲೆ ನಿಜವಾದ ಕೆಲಸ ಶುರು. ಮಂಡಕ್ಕಿ ಮುಚ್ಚಿದ್ದ ಸಂದು, ಮೊಳೆ ತಲೆ ಎಲ್ಲ ಈಗ ಎದುರಿಗೆ ಬರ್ತವೆ. ಸಂದು ತುಂಬಿ, ಇಡೀ ಮೈಗೆ ತೆಳುವಾದ ಪುಟ್ಟಿ ಎಳೆದು, ಉಜ್ಜಿ, ಪ್ರೈಮರ್ ಹೊಡೆದು, ಹೊಳಪಿಲ್ಲದ ಬಣ್ಣ ಬಳಿಯಬೇಕು. ಇಡೀ ಮೈಗೆ ಹೀಗೆ ಪುಟ್ಟಿ ಎಳೆಯೋದಕ್ಕೆ ಅಲ್ಲಿನ ಜಿಪ್ಸಂ ಬೋರ್ಡ್ ಉದ್ಯಮದಲ್ಲಿ ಲೆವೆಲ್ 5 ಅಂತ ಹೆಸರು, ಅದೇ ಅತಿ ಮೇಲಿನ ದರ್ಜೆ. ಮೇಲೆ ಹಾಕಿದ 29 ಮಿ.ಮೀ. ನೆರಳಿನ ಲೆಕ್ಕ ನೆನಪಿದ್ದರೆ ಯಾಕೆ ಅಂತ ತಿಳಿಯುತ್ತೆ.

ನಮ್ಮಲ್ಲಿ ಮುಂದೆ ಅಲ್ಲಿಗೆ ಓದೋಕೆ ಹೋಗೋರು ಬಾಡಿಗೆದಾರರಾಗೇ ಇರ್ತಾರೆ. ಅವರಿಗೆ ನಮ್ಮದು ಚಿಕ್ಕ ಮಾತು: ಹಳೇ ಅಪಾರ್ಟ್‌ಮೆಂಟ್‌ನ ಒರಟು ಸೀಲಿಂಗ್‌ಗೆ ಕೊಕ್ಕೆ ಹಾಕಬೇಡಿ, ಎಲ್‌ಇಡಿ ಪಟ್ಟಿ ಅಂಟಿಸಿ ಕೀಳಬೇಡಿ, ಪೊರಕೆಯಿಂದ ಬಲೆ ತೆಗೆಯಬೇಡಿ. ನೀರಿನ ಕಲೆ ಬಿದ್ದು ಜೋತು ಬಿದ್ದಿದ್ದರೆ ಮನೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಸರಿಪಡಿಸೋದು ಅವರ ಕೆಲಸ.

ಇಲ್ಲಿ ನಮ್ಮ ತಲೆ ಮೇಲೆ

ನಮ್ಮಲ್ಲಿ ಪಾಪ್‌ಕಾರ್ನ್ ಸೀಲಿಂಗ್ ಇಲ್ಲ, ಆದರೆ ಕಲ್ನಾರು ಇದೆ. ಕೊಟ್ಟಿಗೆ, ಗ್ಯಾರೇಜು, ಅಂಗಡಿ ಮುಂದಿನ ಚಪ್ಪರ, ಎಷ್ಟೋ ಮನೆಗಳ ಸೂರು: ಅಲೆ ಅಲೆಯಾದ ಬೂದು ಬಣ್ಣದ ಸಿಮೆಂಟ್ ಶೀಟು. ಎಲ್ಲ ಶೀಟಿನಲ್ಲೂ ಆಸ್ಬೆಸ್ಟಾಸ್ ಇರಲ್ಲ, ಈಗ ಇಲ್ಲದ ಶೀಟುಗಳೂ ಸಿಗ್ತವೆ. ಆದರೆ ಭಾರತದಲ್ಲಿ ಕ್ರೈಸೊಟೈಲ್ ಇನ್ನೂ ಆಮದಾಗುತ್ತೆ, ಅದರ ಮುಖ್ಯ ಬಳಕೆ ಈ ಶೀಟುಗಳಿಗೇ.

ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಪಾಪ್‌ಕಾರ್ನ್ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತೆ. ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಿಗಿಯಾಗಿ ಕೂತಿರುತ್ತೆ, ಸುಮ್ಮನಿದ್ದರೆ ಅಷ್ಟಾಗಿ ಹೊರಬರಲ್ಲ. ಗ್ರೈಂಡರ್‌ನಲ್ಲಿ ಒಣ ಶೀಟು ಕುಯ್ದರೆ, ಡ್ರಿಲ್ ಹೊಡೆದರೆ, ಒಡೆದ ಚೂರನ್ನ ಕುಟ್ಟಿ ಅಂಗಳಕ್ಕೆ ಹರಡಿದರೆ ಆ ವ್ಯತ್ಯಾಸ ಉಳಿಯಲ್ಲ. ಕೆಲಸ ಮಾಡಲೇಬೇಕಾದರೆ ಚೆನ್ನಾಗಿ ನೆನೆಸಿ, ಕೈ ಉಪಕರಣ ಬಳಸಿ, ಆದಷ್ಟೂ ಇಡೀ ಶೀಟಾಗೇ ಇಳಿಸಿ, ಒಣ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸೋದು ಕನಿಷ್ಠ ಎಚ್ಚರಿಕೆ. ಆಸ್ಬೆಸ್ಟಾಸ್ ಸಿಮೆಂಟ್ ವಸ್ತುಗಳ ಸುರಕ್ಷಿತ ಬಳಕೆಗೆ ಐಎಸ್ 11769 ಅನ್ನೋ ಭಾರತೀಯ ಮಾನಕವೇ ಇದೆ, ಸಿವಿಲ್ ಗೆಳೆಯರು ಒಮ್ಮೆ ತಿರುವಿ ನೋಡಿ.

1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆಸ್ಬೆಸ್ಟಾಸ್ ಕಾರ್ಮಿಕರ ಮೊಕದ್ದಮೆಯಲ್ಲಿ ಆರೋಗ್ಯವೂ ಕಾರ್ಮಿಕನ ಮೂಲಭೂತ ಹಕ್ಕು ಅಂತ ಹೇಳಿತು. ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನ ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕು ಅಂತಲೂ ಆದೇಶಿಸಿತು. ರೋಗ ಅಷ್ಟು ತಡವಾಗಿ ಬರುತ್ತೆ ಅನ್ನೋದು ಆ ಸಂಖ್ಯೆಯಲ್ಲೇ ಇದೆ. ಆದರೆ ಒಂದು ದಿನದ ಕೂಲಿಗೆ ಬಂದು ನಮ್ಮ ಮನೆ ಶೀಟು ಕುಯ್ಯೋ ಹುಡುಗನ ದಾಖಲೆ ಯಾರೂ ಇಡಲ್ಲ.

ಇನ್ನು ಕೆಲವೇ ವರ್ಷದಲ್ಲಿ ನಮ್ಮಲ್ಲಿ ಹಲವರು ಸೈಟಿನಲ್ಲಿ ನಿಂತು "ಅದನ್ನ ಕಿತ್ತಾಕಿ" ಅಂತ ಹೇಳೋ ಜಾಗದಲ್ಲಿ ಇರ್ತೀವಿ. ಹೇಳೋದು ನಾವು, ಧೂಳಿನಲ್ಲಿ ನಿಲ್ಲೋದು ಇನ್ನೊಬ್ಬರು. ಹಾಗಾಗಿ ಕೀಳಿಸೋ ಮುಂಚೆ ಅದರೊಳಗೆ ಏನಿದೆ ಅಂತ ಕೇಳಿ, ಗೊತ್ತಿಲ್ಲ ಅಂದ್ರೆ ಕೆಲಸ ನಿಲ್ಲಿಸಿ ಪರೀಕ್ಷೆಗೆ ಕಳಿಸಿ, ರಿಪೋರ್ಟನ್ನ ಕೆಲಸದವರಿಗೂ ಓದಿ ಹೇಳಿ.